ಆಕ್ಟೇನ್ ಸಂಖ್ಯೆಯ ಹಿಂದಿನ ನೂರು ವರ್ಷ

ಪೆಟ್ರೋಲ್ ಬಂಕಿನಲ್ಲಿ ಕಾಣುವ 91, 95, 100 ಎಂಬ ಅಂಕಿಗಳು ಇಂಧನದ ಕಸುವನ್ನಾಗಲಿ ಶುದ್ಧತೆಯನ್ನಾಗಲಿ ಅಳೆಯುವುದಿಲ್ಲ. ಸಿಲಿಂಡರಿನೊಳಗೆ ಒತ್ತಲ್ಪಟ್ಟು ಕಾದ ಪೆಟ್ರೋಲು, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತನ್ನನ್ನು ಮುಟ್ಟುವ ಮೊದಲೇ ತಾನಾಗಿ ಸಿಡಿದು ಪಿಸ್ಟನ್ನನ್ನು ಹೊಡೆಯುವ ‘ನಾಕಿಂಗ್’ ಎಂಬ ದೋಷವನ್ನು ಎಷ್ಟರ ಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದನ್ನಷ್ಟೇ ಅವು ಸೂಚಿಸುತ್ತವೆ.

ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ, ಅಂದರೆ ಕಂಪ್ರೆಷನ್ ಅನುಪಾತ ಏರಿದಷ್ಟೂ, ಅದೇ ಇಂಧನದಿಂದ ಹೆಚ್ಚು ಕೆಲಸ ಪಡೆಯಬಹುದಾದರೂ ಆ ಏರಿಕೆಗೆ ನಾಕಿಂಗ್ ಅಡ್ಡವಾಗುತ್ತದೆ ಎಂಬುದನ್ನು ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ಪ್ರಯೋಗಗಳಿಂದ ತೋರಿಸಿದ್ದನು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಈ ಬಡಿತ ನಿಲ್ಲುವುದನ್ನು ಕಂಡುಕೊಂಡನು. 1923ರಲ್ಲಿ ಓಹಾಯೊದ ಡೇಟನ್ ನಗರದಲ್ಲಿ ಅದರ ಮಾರಾಟ ಆರಂಭವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷವೇರಿ, ಬುದ್ಧಿಭ್ರಮಣೆಗೊಂಡು ಸತ್ತರೂ ಉದ್ಯಮ ಅದನ್ನು ಕೈಬಿಡಲಿಲ್ಲ. ಆಲ್ಕೋಹಾಲ್ ಕೂಡ ನಾಕಿಂಗನ್ನು ತಡೆಯುತ್ತದೆಂಬುದು ಅದೇ ಸಂಶೋಧಕರಿಗೆ ಗೊತ್ತಿದ್ದ ಸಂಗತಿಯಾಗಿತ್ತೆಂಬುದನ್ನು ನೆನೆದರೆ, ಸೀಸದ ಆಯ್ಕೆಯನ್ನು ಅನಿವಾರ್ಯತೆಯೆಂದು ಸಮರ್ಥಿಸುವುದು ಕಷ್ಟ.

ಅಳತೆಗೋಲು ಬಂದದ್ದು ಅನಂತರ. 1926ರಲ್ಲಿ ಗ್ರಹಾಂ ಎಡ್ಗರ್, ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆಯನ್ನೂ ಸಿಡಿಯಲು ಹಿಂಜರಿಯುವ ಐಸೋ-ಆಕ್ಟೇನಿಗೆ 100ನ್ನೂ ಗೊತ್ತುಮಾಡಿ, ಇವೆರಡರ ಯಾವ ಮಿಶ್ರಣಕ್ಕೆ ಒಂದು ಪೆಟ್ರೋಲು ಸಮನಾಗುವುದೋ ಅದರಲ್ಲಿನ ಐಸೋ-ಆಕ್ಟೇನಿನ ಶೇಕಡಾ ಪ್ರಮಾಣವನ್ನೇ ಅದರ ಸಂಖ್ಯೆಯೆಂದು ಕರೆಯುವ ಪದ್ಧತಿಯನ್ನು ರೂಪಿಸಿದನು. ಭಾರತ ಮತ್ತು ಯುರೋಪಿನಲ್ಲಿ ‘ರಿಸರ್ಚ್’ ವಿಧಾನದ ಅಂಕಿಯನ್ನು ಬಳಸಿದರೆ, ಅಮೆರಿಕದಲ್ಲಿ ಅದರ ಮತ್ತು ಹೆಚ್ಚು ಕಠಿಣವಾದ ‘ಮೋಟಾರ್’ ವಿಧಾನದ ಸರಾಸರಿಯನ್ನು ಬರೆಯುವುದರಿಂದ ಅಲ್ಲಿನ 87 ಇಲ್ಲಿನ ಸುಮಾರು 91ಕ್ಕೆ ಸಮ. ಅಮೆರಿಕನ್ ಕಾರಿನ ಕೈಪಿಡಿ ಓದುವವರು ಇಲ್ಲಿಯೇ ಎಡವುತ್ತಾರೆ.

ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೀಸ ಹಾಳುಮಾಡುತ್ತಿದ್ದುದರಿಂದ ಅದರ ಯುಗ ಮುಗಿಯಿತು. ಭಾರತದಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದು, 2000ದ ಫೆಬ್ರವರಿಯ ವೇಳೆಗೆ ದೇಶಕ್ಕೆಲ್ಲ ಅದೇ ಗತಿಯಾಯಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಹಳೆಯ ಎಂಜಿನ್ನುಗಳ ಕಂಪ್ರೆಷನ್ ಕಡಿಮೆಯಿದ್ದ ಕಾರಣ ಅವುಗಳಿಗೆ ಆಕ್ಟೇನಿನ ಕೊರತೆ ದೊಡ್ಡದಾಗಿ ಕಾಡಲಿಲ್ಲ. ಸೀಸ ಸದ್ದಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸ ನಿಂತುಹೋದದ್ದೇ ತೊಂದರೆ. ಎಕ್ಸಾಸ್ಟ್ ವಾಲ್ವು ಕೂರುವ ಮೆದು ಎರಕದ ಕಬ್ಬಿಣದ ಸೀಟಿನ ಮೇಲೆ ಸೀಸ ತೆಳುಲೇಪವಾಗಿ ನಿಂತು ಸವೆತವನ್ನು ತಡೆಯುತ್ತಿತ್ತು. ಲೇಪ ಹೋದ ಮೇಲೆ, ದೀರ್ಘಕಾಲ ವೇಗವಾಗಿ ಓಡುವ ಎಂಜಿನ್ನಿನಲ್ಲಿ ವಾಲ್ವು ಸೀಟಿನೊಳಕ್ಕೆ ಇಳಿಯತೊಡಗುತ್ತದೆ. ಇದಕ್ಕೆ ಗಟ್ಟಿ ಉಕ್ಕಿನ ಸೀಟು ಕೂರಿಸುವುದೇ ಮದ್ದು, ದುಬಾರಿ ಪೆಟ್ರೋಲಲ್ಲ.

ಬದಿಗೆ ಸರಿಸಲಾಗಿದ್ದ ಆಲ್ಕೋಹಾಲ್ ನೂರು ವರ್ಷಗಳ ಬಳಿಕ ಮರಳಿತು: ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥೆನಾಲಿನ ಆಕ್ಟೇನ್ 100ನ್ನು ಮೀರುವುದರಿಂದ ಮಿಶ್ರಣದ ಸಂಖ್ಯೆ ಏರುತ್ತದೆ, ಆದರೆ ಅದರಲ್ಲಿ ಆಮ್ಲಜನಕವಿರುವ ಕಾರಣ ಹಳೆಯ ಕಾರ್ಬ್ಯುರೇಟರಿನ ಜೆಟ್ಟುಗಳ ಲೆಕ್ಕಕ್ಕೆ ಇಂಧನ ಸಾಲದೆ ಮಿಶ್ರಣ ತೆಳುವಾಗುತ್ತದೆ, ರಬ್ಬರ್ ಕೊಳವೆಗಳೂ ಕೆಡುತ್ತವೆ. ಹೀಗಾಗಿ ಹಳೆಯ ಕಾರಿಗೆ ಸಂಖ್ಯೆ ಎಷ್ಟೆಂಬುದಕ್ಕಿಂತ ಆ ಸಂಖ್ಯೆ ಯಾವುದರಿಂದ ಬಂತೆಂಬುದು ಮುಖ್ಯ. ಹೆಡ್ ತೇಯಿಸಿ ಕಂಪ್ರೆಷನ್ ಏರಿಸಿದ, ಟರ್ಬೊ ಒತ್ತಡ ಹೆಚ್ಚಿಸಿದ ಅಥವಾ ಇಗ್ನಿಷನ್ ಟೈಮಿಂಗ್ ಮುಂಚಿತಗೊಳಿಸಿದ ಟ್ಯೂನ್ಡ್ ಎಂಜಿನ್ನುಗಳಿಗೆ 95 ಅಥವಾ ಅದಕ್ಕೂ ಹೆಚ್ಚಿನ ಆಕ್ಟೇನ್ ನಿಜವಾಗಿ ಬೇಕಾಗಬಹುದು. ಮೂಲ ಸ್ಥಿತಿಯಲ್ಲಿರುವ ಪದ್ಮಿನಿಗೆ 100 ಆಕ್ಟೇನ್ ತುಂಬಿಸುವುದು ದುಡ್ಡಿನ ದಂಡ.