ಫೋರ್ಡ್ ಫ್ಲ್ಯಾಟ್‌ಹೆಡ್ ವಿ-8 ಎಂಜಿನ್ನಿನ ಜೀರ್ಣೋದ್ಧಾರ

ಫೋರ್ಡ್ ಫ್ಲ್ಯಾಟ್‌ಹೆಡ್ ವಿ-8 ಎಂಬುದು ಅಮೆರಿಕದ ಫೋರ್ಡ್ ಮೋಟಾರ್ ಕಂಪನಿಯು 1932ರಲ್ಲಿ ಹೊರತಂದ ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಅಮೆರಿಕದ ಫೋರ್ಡ್ ಕಾರುಗಳಲ್ಲಿ ಇದು 1953ರವರೆಗೆ ಬಳಕೆಯಲ್ಲಿತ್ತು. ಆ ಕಾಲದ ಕಾರುಗಳನ್ನು ಮೂಲರೂಪಕ್ಕೆ ತರುವವರಿಗೆ ಅತಿ ದೊಡ್ಡ ತೊಡಕು ಈ ಎಂಜಿನ್ನಿನ ಎರಕದ ಕಬ್ಬಿಣದ ಬ್ಲಾಕ್. ಅನೇಕ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ತಯಾರಿಸಲಾಗುತ್ತಿದೆ. ಬಿರುಕಿಲ್ಲದ ಹಳೆಯ ಬ್ಲಾಕ್ ಮಾತ್ರ ಸುಲಭವಾಗಿ ಸಿಗುವುದಿಲ್ಲ.

ರಚನೆ ಮತ್ತು ದೋಷದ ಮೂಲ

ಎರಡು ಸಾಲು ಸಿಲಿಂಡರುಗಳನ್ನೂ ಕ್ರ್ಯಾಂಕ್‌ಕೇಸನ್ನೂ ಒಂದೇ ಎರಕದಲ್ಲಿ ಹೊಯ್ದು ಫೋರ್ಡ್ ವಿ-8 ಎಂಜಿನ್ನನ್ನು ಅಗ್ಗದ ಕಾರಿಗೂ ತಂದಿತು. ಮೊದಲ ಮಾದರಿಯ ಗಾತ್ರ 221 ಘನ ಅಂಗುಲ (ಸುಮಾರು 3.6 ಲೀಟರ್), ಶಕ್ತಿ 65 ಅಶ್ವಶಕ್ತಿ. ಕವಾಟಗಳು ಬ್ಲಾಕಿನೊಳಗೇ ಇರುವುದರಿಂದ ಮೇಲಿನ ಹೆಡ್ ಚಪ್ಪಟೆಯಾಗಿದೆ. ಹೆಸರು ಬಂದದ್ದೂ ಇದರಿಂದಲೇ.

ಈ ವಿನ್ಯಾಸದ ಬೆಲೆಯನ್ನು ತೆತ್ತದ್ದು ಬ್ಲಾಕ್. ಎರಡು ಸಾಲುಗಳ ನಡುವಿನ ಕವಾಟಗಳಿಂದ ಹೊರಬೀಳುವ ಬಿಸಿ ಹೊಗೆಯು ಸಿಲಿಂಡರುಗಳ ಪಕ್ಕದಲ್ಲಿ, ತಣ್ಣೀರಿನ ಹಾದಿಗಳನ್ನು ದಾಟಿ ಹೊರಮೈಗೆ ಬರಬೇಕು. ಹೀಗಾಗಿ ನೀರಿಗೆ ಅಪಾರ ಶಾಖ ಸೇರುತ್ತದೆ. ಎರಕದ ವೇಳೆ ಒಳಗುಳಿದ ಅಚ್ಚಿನ ಮರಳು, ತಂತಿಯ ತುಣುಕುಗಳು ಮತ್ತು ದಶಕಗಳ ತುಕ್ಕು ಈ ಹಾದಿಗಳನ್ನು ಕಟ್ಟಿಹಾಕಿದಾಗ ಎಂಜಿನ್ ಮಿತಿಮೀರಿ ಕಾಯುತ್ತದೆ. ಕವಾಟದ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುತ್ತದೆ. ಎಂಜಿನ್ ಕಾಯುತ್ತದೆಂದು ರೇಡಿಯೇಟರನ್ನಷ್ಟೇ ಬದಲಿಸಿ, ಒಳಗಿನ ಹೂಳನ್ನು ಹಾಗೇ ಬಿಡುವುದು ಸಾಮಾನ್ಯ ತಪ್ಪು.

ದುರಸ್ತಿ ವಿಧಾನ

ಬೇರಿಂಗ್, ಪಿಸ್ಟನ್‌ಗಳಿಗೆ ಹಣ ಸುರಿಯುವ ಮುನ್ನವೇ ಬ್ಲಾಕಿನ ಪರೀಕ್ಷೆ ನಡೆಯಬೇಕು. ಬರಿದು ಮಾಡಿದ ಬ್ಲಾಕನ್ನು ಕ್ಷಾರದ ತೊಟ್ಟಿಯಲ್ಲಿ ತೊಳೆದು, ನೀರಿನ ಹಾದಿಗಳನ್ನು ಕೆದಕಿ ಶುಚಿಗೊಳಿಸುತ್ತಾರೆ. ಬಳಿಕ ಅದನ್ನು ಕಾಂತೀಯಗೊಳಿಸಿ ಕಬ್ಬಿಣದ ಪುಡಿ ಚಿಮುಕಿಸಿದರೆ, ಕಣ್ಣಿಗೆ ಕಾಣದ ಬಿರುಕಿನ ಗುಂಟ ಪುಡಿ ಗೆರೆಯಾಗಿ ನಿಲ್ಲುತ್ತದೆ. ಹೊರಗೆ ಕಾಣದ ಸೋರಿಕೆಯನ್ನು ನೀರಿನ ಹಾದಿಗಳಿಗೆ ಒತ್ತಡ ಕೊಟ್ಟು ಪತ್ತೆಹಚ್ಚುತ್ತಾರೆ.

ಬಿರುಕನ್ನು ಮುಚ್ಚಲು ಬೆಸುಗೆಗಿಂತ ಹೊಲಿಗೆ ಮೇಲೆನ್ನುವವರು ಹಲವರು. ಬಿರುಕಿನ ಉದ್ದಕ್ಕೂ ರಂಧ್ರಗಳನ್ನು ಕೊರೆದು, ಒಂದರ ಅಂಚು ಇನ್ನೊಂದನ್ನು ಕಚ್ಚುವಂತೆ ಮರೆಯುಳ್ಳ ಲೋಹದ ಮೊಳೆಗಳನ್ನು ತಿರುಗಿಸಿ ಕೂರಿಸುವುದೇ ಈ ಹೊಲಿಗೆ. ಇದಕ್ಕೆ ಶಾಖ ಬೇಡ. ಬೆಸುಗೆ ಹಾಕುವುದಾದರೆ ಇಡೀ ಬ್ಲಾಕನ್ನು ಕುಲುಮೆಯಲ್ಲಿ ಕಾಯಿಸಿ, ಬಹಳ ನಿಧಾನವಾಗಿ ತಣಿಸಬೇಕು. ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಬಿರುಕು ಸಿಲಿಂಡರಿನ ಒಳಗೋಡೆಯನ್ನು ತಲುಪಿದ್ದರೆ ಆ ಸಿಲಿಂಡರಿಗೆ ತೆಳುವಾದ ಸ್ಲೀವ್ ತೊಡಿಸುತ್ತಾರೆ.

ಭಾಗಗಳ ಹೊಂದಾಣಿಕೆ

ಹೊರನೋಟಕ್ಕೆ ಒಂದೇ ಎನಿಸುವ ಭಾಗಗಳು ಎಲ್ಲ ವರ್ಷದ ಎಂಜಿನ್‌ಗಳಿಗೂ ಹೊಂದುವುದಿಲ್ಲ. ಆರಂಭದ ಹೆಡ್‌ಗಳಿಗೆ ತಲಾ 21 ಸ್ಟಡ್‌ಗಳು, ನಂತರದವುಗಳಿಗೆ 24. ನೀರಿನ ಪಂಪುಗಳು 1936ರವರೆಗೆ ಹೆಡ್‌ಗಳಲ್ಲಿದ್ದು, 1937ರಲ್ಲಿ ಬ್ಲಾಕಿನ ಮುಂಭಾಗಕ್ಕೆ ಬಂದವು. ಫ್ರೆಂಚ್ ಸೇನೆಯ ಟ್ರಕ್ಕುಗಳಿಗಾಗಿ ಫ್ರಾನ್ಸಿನಲ್ಲಿ ತಯಾರಾದ ಇದೇ ಕುಲದ ಬ್ಲಾಕ್‌ಗಳನ್ನು ಹಲವರು ಕೊಳ್ಳುತ್ತಾರೆ. ಅವು ಓಡಿಸಲು ಉತ್ತಮವಾದರೂ, ಕಾರಿನ ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಬಯಸುವವರಿಗೆ ಬಿರುಕುಬಿಟ್ಟ ಹಳೆಯ ಬ್ಲಾಕಿನ ದುರಸ್ತಿಯೇ ದಾರಿ.