ದಿನಾಂಕವಿಲ್ಲದ ನಡಿಗೆಗಳು

ನಿವೃತ್ತನಾದ ಮೇಲೆ ಬೆಳಗಿನ ನಡಿಗೆಗೆ ಹೊರಟಾಗಲೆಲ್ಲ ನನ್ನ ಜೇಬಿನಲ್ಲಿ ಒಂದು ಚಿಕ್ಕ ಟಿಪ್ಪಣಿ ಪುಸ್ತಕವಿರುತ್ತದೆ. "ಮೇಷ್ಟ್ರು ಹಾಜರಿ ಕೂಗುವುದನ್ನು ಇನ್ನೂ ಬಿಟ್ಟಿಲ್ಲ" ಎಂದು ಗೆಳೆಯರು ನಗುತ್ತಾರೆ. ಅವರ ಮಾತು ಸುಳ್ಳಲ್ಲ. ತಂಗಡಿ, ತುಂಬೆ, ಮುತ್ತುಗ, ಬೆಳ್ಳಕ್ಕಿ, ಮಿಂಚುಳ್ಳಿಗಳೇ ಈಗ ನನ್ನ ವಿದ್ಯಾರ್ಥಿಗಳು. ಆದರೆ ಈ ಹಾಜರಿ ಪುಸ್ತಕವನ್ನು ತೆರೆಯಲು ನಾನು ಮೂವತ್ತು ವರ್ಷ ತಡಮಾಡಿದೆ. ನನ್ನ ಆ ಲೋಪವನ್ನೂ, ತಡಮಾಡದೆ ಬರೆದಿಟ್ಟ ಹಿರಿಯರ ಕಥೆಯನ್ನೂ ಇಂದು ಓದುಗರ ಮುಂದಿಡುತ್ತಿದ್ದೇನೆ.

ನಾನು ಶ್ರೀರಂಗಪಟ್ಟಣದ ಸೀಮೆಯಲ್ಲಿ ಇತಿಹಾಸ ಕಲಿಸುತ್ತಿದ್ದವನು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನಾಲೆಯ ಏರಿಯ ಮೇಲೆ ನಡೆಸಿಕೊಂಡು ಹೋಗುವುದು ನನ್ನ ರೂಢಿಯಾಗಿತ್ತು. ಒಂದು ಮಳೆಗಾಲದಲ್ಲಿ ಬೇಲಿಯ ಮೇಲೆ ಅಗ್ನಿಶಿಖೆ ಅರಳಿತ್ತು. ಕೆಂಪು ಹಳದಿಯ ಎಸಳುಗಳು ಮೇಲಕ್ಕೆ ಬಾಗಿ ಬೆಂಕಿಯ ನಾಲಗೆಯಂತೆ ಕಾಣುವ ಹೂ ಅದು. ಗೌರಿ ಹಬ್ಬದ ಆಸುಪಾಸಿನಲ್ಲಿ ಅರಳುವುದರಿಂದ ಗೌರಿ ಹೂ ಎಂಬ ಹೆಸರೂ ಅದಕ್ಕುಂಟು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಹೋದ ವರ್ಷಾನೂ ಇಷ್ಟು ಬೇಗ ಬಿಟ್ಟಿತ್ತಾ ಸಾರ್?"

"ಹಬ್ಬಕ್ಕೆ ಸರಿಯಾಗಿ ಬಿಟ್ಟಿತ್ತಮ್ಮ" ಎಂದೆ. ಅವಳು ಬಿಡಲಿಲ್ಲ. "ಹಬ್ಬ ಹೋದ ವರ್ಷ ಯಾವ ತಾರೀಖು ಸಾರ್?" ನನ್ನಲ್ಲಿ ಉತ್ತರವಿರಲಿಲ್ಲ. ಗೌರಿ ಹಬ್ಬ ಚಾಂದ್ರಮಾನದ್ದು. ಅಧಿಕಮಾಸ ಬಂದ ವರ್ಷ ವಾರಗಟ್ಟಲೆ ಹಿಂದೆ ಮುಂದೆ ಸರಿಯುತ್ತದೆ. ಹಬ್ಬವನ್ನು ಅಳತೆಗೋಲು ಮಾಡಿಕೊಂಡರೆ ಹೂವಿನ ಕಾಲ ತಿಳಿಯದು. ತಾಳಿಕೋಟೆಯ ಯುದ್ಧದ ಇಸವಿಯನ್ನು ತಪ್ಪು ಬರೆದವರ ಅಂಕ ಕಳೆಯುತ್ತಿದ್ದ ನಾನು, ಕಣ್ಣೆದುರಿನ ಹೂವಿಗೆ ಒಂದು ದಿನಾಂಕವನ್ನೂ ಬರೆದಿರಲಿಲ್ಲ. ಅಂದು ನಾಚಿಕೆಯಾಯಿತು. ಆದರೂ ಬರೆಯಲು ತೊಡಗಲಿಲ್ಲ ಎಂಬುದೇ ಇಂದಿನ ನೋವು.

ಬರೆದವರ ಕೆಲಸ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ಶಾಲೆಯಿಂದ ಕೂಗಳತೆಯಲ್ಲೇ ಸಾಕ್ಷಿಯಿತ್ತು. 17ನೆಯ ಶತಮಾನದ ನಡುಭಾಗದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಗಟ್ಟೆ ಕಟ್ಟಿದಾಗ ಮೂಡಿದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಸುತ್ತಲಿನ ರೈತರಿಗೂ ಅಂಬಿಗರಿಗೂ ಗೊತ್ತಿದ್ದ ಸಂಗತಿ. ಆದರೆ 1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ಬಂದು, ಊರೂರು ಅಲೆದು, ಕಂಡದ್ದನ್ನು ಸ್ಥಳ ಮತ್ತು ದಿನಾಂಕಗಳೊಡನೆ ದಾಖಲಿಸಿದರು. ಅವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮನ್ನಣೆಯೂ ದೊರೆಯಿತು. ಎಲ್ಲರೂ ನೋಡುತ್ತಿದ್ದುದನ್ನು ಒಬ್ಬರು ಬರೆದರು. ಬರೆದದ್ದರಿಂದ ತಿಟ್ಟುಗಳು ಉಳಿದವು.

ಇದಕ್ಕೂ ಹಿಂದೆ ಜೆರ್ಡನ್ ಎಂಬ ಸೇನಾ ವೈದ್ಯರು ದಕ್ಷಿಣ ಭಾರತವನ್ನು ಸುತ್ತಿದ್ದರು. ಊರ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳು ತಲತಲಾಂತರದಿಂದ ಗೂಡು ಕಟ್ಟುತ್ತಿದ್ದ ಹಳ್ಳಿಯೊಂದನ್ನು ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. 1862-64ರಲ್ಲಿ ಪ್ರಕಟವಾದ ಆ ಪುಟ ನೆನಪಾಗುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದಾಗ. ಮಾಗಿಯ ಚಳಿಯಲ್ಲಿ ಬರುವ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಪಕ್ಕದ ಹುಣಿಸೆ ಮರಗಳಲ್ಲಿ ಮರಿ ಮಾಡಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಅವುಗಳಿಗಾಗಿ ಊರವರು ಹುಣಿಸೆಯ ಫಸಲನ್ನೇ ಬಿಟ್ಟುಕೊಟ್ಟದ್ದುಂಟು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ನೆಲೆಯನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಕಾಪಾಡಿದವರು ಹಳ್ಳಿಯವರು, ದಾಖಲಿಸಿದವರು ಅಧಿಕಾರಿಗಳು. ಎರಡೂ ಕೈಗಳು ಕೂಡಬೇಕಾಯಿತು.

ಮೇಷ್ಟರಾದವರಿಗೆ ಬಿಡುವೆಲ್ಲಿ ಎಂಬ ನೆಪವೂ ನನಗೆ ಸಲ್ಲುವುದಿಲ್ಲ. ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದರು. ಆ ಅಲೆದಾಟವೇ 'ಹಸುರು ಹೊನ್ನು' ಆಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸ್ವಾಮಿಯವರ ಪ್ರತಿಭೆ ನಮಗೆಲ್ಲಿಂದ ಬರಬೇಕು? ನಿಜ. ಆದರೆ "ಇಂಥ ದಿನ, ಇಂಥ ಬೇಲಿಯಲ್ಲಿ, ಇಂಥ ಹೂ" ಎಂದು ಒಂದು ಸಾಲು ಬರೆಯಲು ಪ್ರತಿಭೆ ಬೇಡ, ಒಂದು ಪೆನ್ಸಿಲ್ ಸಾಕು.

ಈಗ ಮಳೆಯ ರೀತಿ ಬದಲಾಯಿತು, ಹೂಗಳು ಹೊತ್ತು ತಪ್ಪಿ ಅರಳುತ್ತಿವೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ಹಿಂದೆ ಎಂದು ಅರಳುತ್ತಿತ್ತೆಂದು ತಿಳಿಯದೆ ಇಂದು ಬೇಗ ಅರಳಿತೆನ್ನುವುದು ಆಧಾರವಿಲ್ಲದ ಇತಿಹಾಸ. ನನ್ನ ನಾಲೆಯ ಏರಿಯ ಮೂವತ್ತು ವರ್ಷಗಳ ಲೆಕ್ಕ ನನ್ನೊಬ್ಬನ ಬಳಿ ಇರಬಹುದಾಗಿತ್ತು. ಅದೀಗ ಯಾರ ಬಳಿಯೂ ಇಲ್ಲ.

ಅದಕ್ಕಾಗಿ ಈ ಪುಸ್ತಕ. ಹೂ ಬಿಟ್ಟ ದಿನ ಬರೆಯುತ್ತೇನೆ, ಬಿಡದ ದಿನವನ್ನೂ ಬರೆಯುತ್ತೇನೆ. ಮೊಮ್ಮಗ ಅದನ್ನೇ ಮೊಬೈಲಿನಲ್ಲಿ ದಾಖಲಿಸುತ್ತಾನೆ, ಅದೂ ಒಳ್ಳೆಯದೇ. ಆ ಹುಡುಗಿ ಇಂದು ಎದುರಾಗಿ "ಹೋದ ವರ್ಷ ಎಂದು ಬಿಟ್ಟಿತ್ತು ಸಾರ್?" ಎಂದರೆ ತಾರೀಖು ಹೇಳಬಲ್ಲೆ. ಅವಳು ಮೊದಲು ಕೇಳಿದ ವರ್ಷದ್ದನ್ನು ಮಾತ್ರ ಇನ್ನೆಂದಿಗೂ ಹೇಳಲಾರೆ.