ಯಂತ್ರ ಬಂತು, ಬದುಕು ಯಾರಿಗೆ?

1960ಕ್ಕೆ ಮುಂಚೆ ಎರಡೂ ಕಿಡ್ನಿ ಪೂರ್ತಿ ಕೈಕೊಟ್ಟರೆ ಸಾವೇ ಗತಿ. ಡಯಾಲಿಸಿಸ್ ಯಂತ್ರವೇನೋ ಇತ್ತು, ಆದರೆ ಪ್ರತಿ ಸಲ ಹೊಸದಾಗಿ ರಕ್ತನಾಳ ಕೊಯ್ಯಬೇಕು. ಕೆಲವೇ ಸಲದಲ್ಲಿ ಜಾಗ ಮುಗಿದುಹೋಗುತ್ತಿತ್ತು.

ಆ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವಂಥ ಟೆಫ್ಲಾನ್ ಕೊಳವೆ ಕೂರಿಸಿದರು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಮತ್ತೆ ಹನ್ನೊಂದು ವರ್ಷ ಬದುಕಿದರು!

ತೊಡಕು ಶುರುವಾಗಿದ್ದು ಆಮೇಲೆ. 1962ರಲ್ಲಿ ಅಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಹಾಸಿಗೆಗಳು ಬೆರಳೆಣಿಕೆಯಷ್ಟು, ಕಾಯುವವರು ಬಹಳ. ವೈದ್ಯರು ಸೋಸಿದ ಪಟ್ಟಿ ಏಳು ಜನರ ಸಮಿತಿಗೆ ಹೋಗುತ್ತಿತ್ತು. ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಸರಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಒಬ್ಬ ಸರ್ಜನ್. ಅವರು ತೂಗಿದ್ದು ಏನನ್ನು? ಮದುವೆ, ಮಕ್ಕಳು, ಸಂಪಾದನೆ, ಓದು, ಚರ್ಚಿಗೆ ಹೋಗುತ್ತಾರೋ ಇಲ್ಲವೋ...

ಅದೇ ನವೆಂಬರಿನಲ್ಲಿ ಶಾನಾ ಅಲೆಕ್ಸಾಂಡರ್ 'ಲೈಫ್' ಪತ್ರಿಕೆಯಲ್ಲಿ ಇದನ್ನು ಬರೆದರು. ಜನ ಆ ಸಮಿತಿಯನ್ನು 'ದೇವರ ಸಮಿತಿ' ಎಂದು ಕರೆದರು. ಹತ್ತು ವರ್ಷದ ನಂತರ, 1972ರಲ್ಲಿ, ಹೆಚ್ಚುಕಡಿಮೆ ಎಲ್ಲ ಕಿಡ್ನಿ ರೋಗಿಗಳ ಖರ್ಚನ್ನೂ ಅಲ್ಲಿನ ಸರಕಾರವೇ ಹೊರುವ ಕಾನೂನು ಬಂತು.

ಸಮಿತಿಯವರು ಕೆಟ್ಟವರಲ್ಲ, ಯಾರೂ ಹೊರಲಾಗದ ಹೊರೆಯನ್ನು ಅವರ ತಲೆಗೆ ಕಟ್ಟಿದ್ದರು. ಹೊಸ ಯಂತ್ರ ಬಂದಾಗ ಕೆಲಸ ಮಾಡುತ್ತಾ, ಎಷ್ಟು ಖರ್ಚು ಅಂತ ಕೇಳಿದರೆ ಸಾಲದು. ಎಲ್ಲರಿಗೂ ಸಾಲದಿದ್ದಾಗ ಯಾರಿಗೆ, ಯಾವ ಅಳತೆಯಲ್ಲಿ? ಅದನ್ನು ಮೊದಲೇ ಕೇಳಬೇಕು. ನೀವೇನಂತೀರಿ?